ಉಮ್ಮು ವಲದ್: ಒಡೆಯನ ಮಗುವನ್ನು ಹೆತ್ತ ದಾಸಿಗೆ ಏನು ಸಿಗುತ್ತಿತ್ತು, ಏನು ಸಿಗುತ್ತಿರಲಿಲ್ಲ

ಆರಂಭಿಕ ಇಸ್ಲಾಮಿನ ಇತಿಹಾಸದಲ್ಲಿ ಖಲೀಫರ ಸರಣಿ, ಯುದ್ಧಗಳ ಇಸವಿ ಬೇಗ ನೆನಪಿನಲ್ಲಿ ನಿಲ್ಲುತ್ತವೆ. ದಾಸಿಯರ ಕಾನೂನು ಬಂದ ಕೂಡಲೇ ಎಲ್ಲ ಗೋಜಲು. ಒಬ್ಬಳ ಮಗ ಸಿಂಹಾಸನ ಏರುತ್ತಾನೆ, ಇನ್ನೊಬ್ಬಳ ಮಗ ಹುಟ್ಟುತ್ತಲೇ ಗುಲಾಮ. ಏಕೆ ಹೀಗೆ ಎಂಬುದನ್ನು ಹಿಡಿದುಕೊಂಡರೆ ಉಳಿದದ್ದು ಸಲೀಸು. ಅದಕ್ಕೇ ಆ ಭಾಗವನ್ನು ಉದ್ದವಾಗಿ ಬರೆದಿದ್ದೇನೆ.

ಹಿನ್ನೆಲೆ

7ನೇ ಶತಮಾನದಲ್ಲಿ ಗುಲಾಮಗಿರಿ ಅರೇಬಿಯಾದಲ್ಲೂ ಇತ್ತು, ಬೈಜಾಂಟಿಯಮ್ಮಿನಲ್ಲೂ ಇತ್ತು, ಸಸಾನಿ ಇರಾನಿನಲ್ಲೂ ಇತ್ತು. 630ರ ದಶಕದಿಂದ ಸಿರಿಯಾ, ಇರಾಕ್, ಈಜಿಪ್ಟ್, ಇರಾನ್ ಒಂದೊಂದಾಗಿ ಅರಬ್ ಸೇನೆಗಳ ಕೈಗೆ ಬಂದಾಗ ಸೆರೆಯಾದ ಹೆಂಗಸರು, ಮಕ್ಕಳು ಲೂಟಿಯ ಪಾಲಾಗಿ ಹಂಚಿಹೋದರು. ಕುರಾನ್ ಗುಲಾಮಗಿರಿಯನ್ನು ರದ್ದು ಮಾಡಲಿಲ್ಲ. ಗುಲಾಮರನ್ನು ಬಿಡುಗಡೆ ಮಾಡುವುದು ಪುಣ್ಯ ಎಂದಿತು, ದಾಸಿಯರನ್ನು ವೇಶ್ಯಾವೃತ್ತಿಗೆ ಬಲವಂತಪಡಿಸಬೇಡಿ ಎಂದಿತು (24:33). ಆದರೆ ‘ನಿಮ್ಮ ಬಲಗೈಗೆ ಸೇರಿದವರು’ ಎಂದು ಕರೆದು, ಒಡೆಯನಿಗೆ ತನ್ನ ದಾಸಿಯ ಜೊತೆ ಕೂಡುವ ಹಕ್ಕನ್ನು ಉಳಿಸಿತು (23:5-6). ಹೆಂಡತಿಯರಿಗೆ ನಾಲ್ಕರ ಮಿತಿ ಇತ್ತು, ದಾಸಿಯರಿಗೆ ಮಿತಿ ಇರಲಿಲ್ಲ. ಕೊಂಡ ಮೇಲೆ ಒಂದು ಮುಟ್ಟು ಕಳೆಯುವವರೆಗೆ ಒಡೆಯ ಕಾಯಬೇಕಿತ್ತು, ಅವಳು ಮೊದಲೇ ಗರ್ಭಿಣಿಯೇ ಎಂದು ತಿಳಿಯಲು. ಅವಳ ಒಪ್ಪಿಗೆ ಕೇಳಬೇಕೆಂಬ ನಿಯಮವನ್ನು ಶಾಸ್ತ್ರಕಾರರು ಇಡಲಿಲ್ಲ. ಮುಂದೆ ಬರುವ ರಕ್ಷಣೆಗಳನ್ನು ಓದುವಾಗಲೆಲ್ಲ ಇದು ಕಣ್ಣೆದುರು ಇರಬೇಕು.

ಮಗು ಯಾರ ಪಾಲು? (ಇಲ್ಲಿ ನಿಧಾನ)

ಇಸ್ಲಾಮಿಗೆ ಮುಂಚಿನ ಅರೇಬಿಯಾದಲ್ಲಿ ದಾಸಿಯ ಮಗು ಸಾಮಾನ್ಯವಾಗಿ ಗುಲಾಮನೇ, ಹುಟ್ಟಿಸಿದವನು ಒಡೆಯನಾಗಿದ್ದರೂ. ಕವಿ-ಯೋಧ ಅಂತರಾ ಬಿನ್ ಶದ್ದಾದ್‌ನ ಕಥೆ ಇದಕ್ಕೆ ಒಳ್ಳೆಯ ಸಾಕ್ಷಿ. ತಾಯಿ ಜಬೀಬಾ ಇಥಿಯೋಪಿಯಾ ಮೂಲದ ದಾಸಿ. ಮಗ ಯುದ್ಧದಲ್ಲಿ ಪರಾಕ್ರಮ ತೋರಿದ ಮೇಲಷ್ಟೇ ತಂದೆ ಅವನನ್ನು ತನ್ನವನೆಂದು ಒಪ್ಪಿಕೊಂಡ.

ಇಸ್ಲಾಮಿಕ್ ಕಾನೂನಿನಲ್ಲಿ ಎರಡು ನಿಯಮಗಳು ಒಟ್ಟಿಗೆ ಓಡುತ್ತವೆ. ಒಂದು: ಮಗು ತಾಯಿಯ ಸ್ಥಿತಿಯನ್ನೇ ಪಡೆಯುತ್ತದೆ. ತಾಯಿ ದಾಸಿಯಾದರೆ ಮಗುವೂ ಗುಲಾಮ, ತಾಯಿಯ ಒಡೆಯನ ಆಸ್ತಿ. ಎರಡು: ತಾಯಿಯ ಒಡೆಯನೇ ಮಗುವಿನ ತಂದೆಯಾದರೆ ಮಗು ಹುಟ್ಟುತ್ತಲೇ ಸ್ವತಂತ್ರ.

ಇವೆರಡನ್ನು ಉದಾಹರಣೆಗೆ ಹಾಕಿ ನೋಡೋಣ. ಬಸ್ರಾದಲ್ಲಿ ಒಬ್ಬ ವ್ಯಾಪಾರಿ, ಅವನ ಮನೆಯಲ್ಲಿ ಒಬ್ಬ ದಾಸಿ ಎಂದುಕೊಳ್ಳಿ. ಪಕ್ಕದ ಮನೆಯ ಬಡವ ಸ್ವತಂತ್ರ ಮನುಷ್ಯ. ಸ್ವತಂತ್ರ ಹೆಣ್ಣಿಗೆ ವಧುಧನ ಕೊಡುವ ಶಕ್ತಿ ಅವನಿಗಿಲ್ಲ. ಅಂಥವನು ದಾಸಿಯನ್ನು ಮದುವೆಯಾಗಬಹುದು ಎಂದು ಕುರಾನ್ (4:25) ಹೇಳುತ್ತದೆ. ವ್ಯಾಪಾರಿಯ ಅನುಮತಿ ಪಡೆದು ಅವನು ಆ ದಾಸಿಯನ್ನು ಶಾಸ್ತ್ರೋಕ್ತವಾಗಿ ಮದುವೆಯಾದ. ಅವರಿಗೆ ಹುಟ್ಟಿದ ಮಗು ಗುಲಾಮ, ಅದರ ಒಡೆಯ ವ್ಯಾಪಾರಿ. ಅದೇ ದಾಸಿಯನ್ನು ಯಾವ ಮದುವೆಯೂ ಇಲ್ಲದೆ ವ್ಯಾಪಾರಿಯೇ ಕೂಡಿ ಮಗುವಾಗಿದ್ದರೆ ಆ ಮಗು ಸ್ವತಂತ್ರ, ಔರಸ. ಸ್ವತಂತ್ರ ಹೆಂಡತಿಯ ಮಕ್ಕಳಷ್ಟೇ ಪಾಲು ಅದಕ್ಕೂ ಉಂಟು.

ಮದುವೆ ಇದ್ದರೆ ಮಗು ಗುಲಾಮ, ಮದುವೆ ಇಲ್ಲದಿದ್ದರೆ ಸ್ವತಂತ್ರ! ತಲೆಕೆಳಗಾದಂತೆ ಕಾಣುತ್ತದೆ. ಇಲ್ಲಿ ‘ಮದುವೆ ಆಗಿದೆಯೇ?’ ಎಂಬ ಪ್ರಶ್ನೆಯನ್ನೇ ಬದಿಗಿಡಬೇಕು. ಕೇಳಬೇಕಾದ್ದು ಒಂದೇ: ‘ತಂದೆ ಈ ತಾಯಿಯ ಒಡೆಯನೇ?’ ಹೌದಾದರೆ ಮಗು ಸ್ವತಂತ್ರ. ಅಲ್ಲವಾದರೆ ಮಗು ತಾಯಿಯ ಹಾದಿಯಲ್ಲೇ. ಈ ಒಂದು ಪ್ರಶ್ನೆ ಹೆಚ್ಚುಕಡಿಮೆ ಎಲ್ಲ ಸಂದರ್ಭಗಳನ್ನೂ ಬಿಡಿಸುತ್ತದೆ.

ಇನ್ನೊಂದು ಗಂಟೂ ಇದರಿಂದಲೇ ಬಿಚ್ಚುತ್ತದೆ. ಒಡೆಯ ತನ್ನದೇ ದಾಸಿಯನ್ನು ದಾಸಿಯಾಗಿಯೇ ಇಟ್ಟುಕೊಂಡು ಮದುವೆಯಾಗುವಂತಿಲ್ಲ. ಒಡೆತನ, ದಾಂಪತ್ಯ ಎರಡೂ ಒಬ್ಬಳ ಮೇಲೆ ಒಟ್ಟಿಗೆ ನಿಲ್ಲುವುದಿಲ್ಲ. ಮೊದಲು ಬಿಡುಗಡೆ, ಆಮೇಲೆ ಮದುವೆ. ಸ್ವತಂತ್ರ ಹೆಂಗಸಿಗೆ ತನ್ನ ಗುಲಾಮನ ಮೇಲೆ ಇಂಥ ಹಕ್ಕು ಇರಲೇ ಇಲ್ಲ.

ಈಗ ತಾಯಿ. ಒಡೆಯನ ಮಗುವನ್ನು ಹೆತ್ತ ದಾಸಿಯೇ ಉಮ್ಮು ವಲದ್, ಅಂದರೆ ಮಗುವಿನ ತಾಯಿ. ಅವಳನ್ನು ಮಾರುವಂತಿಲ್ಲ, ದಾನ ಕೊಡುವಂತಿಲ್ಲ, ಒತ್ತೆ ಇಡುವಂತಿಲ್ಲ. ಒಡೆಯ ಸತ್ತ ಕ್ಷಣ ಅವಳು ಸ್ವತಂತ್ರಳು. ‘ನಾನು ಸತ್ತ ಮೇಲೆ ನೀನು ಸ್ವತಂತ್ರ’ ಎಂದು ಒಡೆಯ ಮಾತು ಕೊಟ್ಟ ಬೇರೆ ಗುಲಾಮರ ಬೆಲೆಯನ್ನು ಆಸ್ತಿಯ ಮೂರನೇ ಒಂದು ಭಾಗದೊಳಗೆ ಲೆಕ್ಕ ಹಾಕುತ್ತಿದ್ದರು. ಉಮ್ಮು ವಲದ್‌ಗೆ ಆ ಮಿತಿಯೂ ಇಲ್ಲ. ಸಾಲ ಕೊಟ್ಟವರು ಬಂದು ನಿಂತರೂ ಅವಳ ಬಿಡುಗಡೆ ತಪ್ಪುವುದಿಲ್ಲ.

ಆದರೆ ಒಡೆಯ ಬದುಕಿರುವವರೆಗೆ ಅವಳು ದಾಸಿಯೇ. ಅವನ ಆಸ್ತಿಯಲ್ಲಿ ಮಗುವಿಗೆ ಪಾಲು, ಅವಳಿಗೆ ಇಲ್ಲ. ಇಷ್ಟಕ್ಕೂ ಇದೆಲ್ಲ ಆರಂಭವಾಗುವುದು ಅವನ ಬಾಯಿಂದ. ಸುನ್ನಿಗಳ ಕಾನೂನು ಪಂಥಗಳಲ್ಲಿ ಒಂದಾದ ಹನಫಿಯಲ್ಲಿ ಮೊದಲ ಮಗುವನ್ನು ‘ಇದು ನನ್ನದು’ ಎಂದು ಅವನೇ ಹೇಳಬೇಕು. ಮಾಲಿಕಿ, ಶಾಫಿ ಪಂಥಗಳಲ್ಲಿ ಅವಳನ್ನು ಕೂಡಿದ್ದೇನೆ ಎಂದು ಒಪ್ಪಿದರೂ ಸಾಕು. ಹೇಗೆ ನೋಡಿದರೂ ಅವಳ ಮಾತಿನಿಂದ ಯಾವ ಹಕ್ಕೂ ಹುಟ್ಟುವುದಿಲ್ಲ. ಈ ಅಧ್ಯಾಯದಲ್ಲಿ ನನಗೆ ಎಲ್ಲಕ್ಕಿಂತ ಭಾರವೆನಿಸುವ ಸಂಗತಿ ಇದೇ: ಅವಳ ಬಿಡುಗಡೆ ಗರ್ಭದ ಮೇಲೆ, ಒಡೆಯನ ಮಾತಿನ ಮೇಲೆ, ಕೊನೆಗೆ ಒಡೆಯನ ಸಾವಿನ ಮೇಲೆ ನಿಂತಿತ್ತು.

ನಿಯಮ ಗಟ್ಟಿಯಾದದ್ದು

ಮಾರಬಾರದೆಂಬ ನಿಯಮವನ್ನು ಎರಡನೇ ಖಲೀಫ ಉಮರ್ (ಆಳ್ವಿಕೆ 634-644) ಜಾರಿಗೆ ತಂದರೆಂದು ಸಂಪ್ರದಾಯ ಹೇಳುತ್ತದೆ. ಪ್ರವಾದಿಯ ಕಾಲದಲ್ಲೂ ಮೊದಲ ಖಲೀಫ ಅಬೂಬಕರ್ ಕಾಲದಲ್ಲೂ ನಾವು ಇಂಥ ತಾಯಂದಿರನ್ನು ಮಾರುತ್ತಿದ್ದೆವು, ಉಮರ್ ತಡೆದ ಮೇಲೆ ನಿಲ್ಲಿಸಿದೆವು ಎಂಬ ವರದಿ ಪ್ರವಾದಿಯ ಸಂಗಡಿಗ ಜಾಬಿರ್ ಹೆಸರಿನಲ್ಲಿದೆ. ನಾಲ್ಕನೇ ಖಲೀಫ ಅಲಿ ಮೊದಲು ಉಮರ್ ಜೊತೆ ಒಪ್ಪಿದ್ದರು, ಮುಂದೆ ತಮ್ಮ ಖಿಲಾಫತ್ತಿನಲ್ಲಿ ಮಾರಬಹುದು ಎಂದರು. ಆಗ ನ್ಯಾಯಾಧೀಶ ಅಬೀದಾ ಅಲ್-ಸಲ್ಮಾನಿ, ನೀವು ಉಮರ್ ಜೊತೆಗೂಡಿ ಹೇಳಿದ್ದೇ ನಿಮ್ಮ ಒಬ್ಬರ ಅಭಿಪ್ರಾಯಕ್ಕಿಂತ ನಮಗೆ ಇಷ್ಟ ಎಂದು ನೇರವಾಗಿ ಹೇಳಿದರಂತೆ. ಸುನ್ನಿ ಪಂಥಗಳು ಉಮರ್ ಮಾತನ್ನು ಹಿಡಿದವು. ಹನ್ನೆರಡು ಇಮಾಮರ ಶಿಯಾ ಕಾನೂನು ಮಗು ತೀರಿಕೊಂಡರೆ ತಾಯಿಯನ್ನು ಮಾರಲು ಅವಕಾಶ ಕೊಟ್ಟಿತು. ಈಜಿಪ್ಟಿನಿಂದ ಪ್ರವಾದಿಗೆ ಕಾಣಿಕೆಯಾಗಿ ಬಂದ ದಾಸಿ ಮಾರಿಯಾಳ ಉದಾಹರಣೆ ಈ ವಾದಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಪ್ರವಾದಿಗೆ ಆಕೆಯಲ್ಲಿ ಹುಟ್ಟಿದ ಮಗ ಇಬ್ರಾಹೀಮ್ ಎಳೆಯ ವಯಸ್ಸಿನಲ್ಲೇ ತೀರಿಕೊಂಡ.

ದಾಸಿಯ ಮಗ ಮತ್ತು ಸಿಂಹಾಸನ

ಕಾನೂನು ಸಮಾನ ಎಂದರೂ ಖಲೀಫರಾಗಿ ಆಳಿದ ಉಮಯ್ಯಾ ಮನೆತನ ಒಪ್ಪಲಿಲ್ಲ. ಖಲೀಫ ಅಬ್ದುಲ್ ಮಲಿಕ್‌ನ ಮಗ ಮಸ್ಲಮಾ 717-718ರಲ್ಲಿ ಕಾನ್‌ಸ್ಟಾಂಟಿನೋಪಲ್ ಮುತ್ತಿಗೆಯ ದಂಡನಾಯಕ. ಮಲತಾಯಿಯರ ಮಕ್ಕಳಾದ ಅವನ ನಾಲ್ವರು ಸೋದರರು ಖಲೀಫರಾದರು, ದಾಸಿಯ ಮಗನಾದ ಅವನು ಆಗಲಿಲ್ಲ. ನಮ್ಮ ವಿದುರನ ಹಾಗೆ: ಯೋಗ್ಯತೆ ಎಲ್ಲರಿಗೂ ಗೊತ್ತು, ಪಟ್ಟ ಮಾತ್ರ ಇನ್ನೊಬ್ಬರಿಗೆ. 744ರಲ್ಲಿ 3ನೇ ಯಜೀದ್ ಬಂದಾಗ ಈ ಗೋಡೆ ಬಿತ್ತು. ಅವನ ತಾಯಿ ಸೆರೆಸಿಕ್ಕ ಸಸಾನಿ ರಾಜವಂಶದವಳೆಂದು ಪ್ರಚಾರವಿತ್ತು.

ಅವರ ನಂತರ ಆಳಿದ ಅಬ್ಬಾಸಿಗಳಲ್ಲೂ ಮೊದಲು ಅಳುಕಿತ್ತು. ಇಬ್ಬರು ಸೋದರರಲ್ಲಿ ಕಿರಿಯ ಅಸ್-ಸಫ್ಫಾಹ್ ಮೊದಲು ಪಟ್ಟ ಏರಿದ, ಅವನ ತಾಯಿ ಸ್ವತಂತ್ರ ಅರಬ್ ಹೆಂಗಸು. ಬರ್ಬರ್ ದಾಸಿ ಸಲ್ಲಾಮಾಳ ಮಗ, ಅಣ್ಣ ಅಲ್-ಮನ್ಸೂರ್ ಆಮೇಲೆ. 762ರಲ್ಲಿ ಬಂಡೆದ್ದ, ಅಲಿಯ ವಂಶದ ಮುಹಮ್ಮದ್ (‘ಶುದ್ಧಾತ್ಮ’ ಎಂಬ ಬಿರುದಿನವನು) ಮನ್ಸೂರ್‌ಗೆ ಬರೆದ ಪತ್ರದಲ್ಲಿ ತನ್ನ ವಂಶದಲ್ಲಿ ದಾಸಿಯರ ರಕ್ತ ಇಲ್ಲವೆಂದು ಹೆಮ್ಮೆಪಟ್ಟ. ಪ್ರವಾದಿಯ ಮಗ ಇಬ್ರಾಹೀಮನ ತಾಯಿ ಯಾರು, ನಿಮ್ಮದೇ ಮನೆತನದ ಅಲಿ ಬಿನ್ ಹುಸೇನರ ತಾಯಿ ಯಾರು ಎಂದು ಮನ್ಸೂರ್ ಮರುಉತ್ತರದಲ್ಲಿ ಎತ್ತಿ ತೋರಿದ. ಇಬ್ಬರೂ ದಾಸಿಯರ ಮಕ್ಕಳು. 1258ರವರೆಗಿನ 37 ಅಬ್ಬಾಸಿ ಖಲೀಫರಲ್ಲಿ ಸ್ವತಂತ್ರ ತಾಯಿ ಇದ್ದವರು ಮೂವರೇ: ಸಫ್ಫಾಹ್, ಮಹ್ದಿ, ಅಮೀನ್. ದಾಸಿಗೆ ತವರಿನ ಬಲವಿಲ್ಲ, ಮಗನಿಗೆ ಪಾಲು ಕೇಳುವ ಸೋದರಮಾವಂದಿರಿಲ್ಲ. ಅರಮನೆಗೆ ಇದು ಅನುಕೂಲವಾಗಿತ್ತು ಎಂಬ ವಿವರಣೆ ನನಗೆ ಸರಿ ಕಾಣುತ್ತದೆ.

ಹಾಡುಗಾರ್ತಿಯರದು ಬೇರೆ ದಾರಿ. ಕಿಯಾನ್ ಎನ್ನುವ ಇವರಿಗೆ ಸಂಗೀತ, ಕಾವ್ಯ ಕಲಿಸಿ ಹೆಚ್ಚಿನ ಬೆಲೆಗೆ ಮಾರುತ್ತಿದ್ದರು. ಅವರಲ್ಲಿ ಹೆಸರಾದ ಅರೀಬ್ (797-890) ಒಬ್ಬರಿಂದೊಬ್ಬರಿಗೆ ಕೈ ಬದಲಾಗಿ, ಕೊನೆಗೆ ಖಲೀಫ ಮುಅತಸಿಮ್‌ನಿಂದ ಬಿಡುಗಡೆ ಪಡೆದಳೆಂದು ಹಳೆಯ ವೃತ್ತಾಂತಗಳು ಹೇಳುತ್ತವೆ.

ಅಭ್ಯಾಸಕ್ಕೊಂದು ಪ್ರಶ್ನೆ

ಖೈಜುರಾನ್ ಯೆಮೆನ್ ಕಡೆಯಿಂದ ಬಂದ ದಾಸಿ, ಅವಳ ಒಡೆಯ ಮನ್ಸೂರ್‌ನ ಮಗ ಮಹ್ದಿ. ಮುಂದೆ ಖಲೀಫರಾದ ಹಾದಿ, ಹಾರೂನ್ ಇಬ್ಬರನ್ನೂ ಹೆತ್ತಳು. ಪಟ್ಟಕ್ಕೆ ಬಂದ ಮೇಲೆ ಮಹ್ದಿ ಅವಳನ್ನು ಬಿಡುಗಡೆ ಮಾಡಿ ಮದುವೆಯಾದ. ಈ ಮದುವೆಯಿಂದ ಯಾರ ಸ್ಥಾನ ಬದಲಾಯಿತು? ಮಕ್ಕಳದಂತೂ ಅಲ್ಲ. ತಂದೆಯೇ ತಾಯಿಯ ಒಡೆಯನಾಗಿದ್ದರಿಂದ ಅವರು ಹುಟ್ಟಿದಾಗಲೇ ಸ್ವತಂತ್ರರು, ವಾರಸುದಾರರು. ಬದಲಾದದ್ದು ಖೈಜುರಾನಳದು. ಉಮ್ಮು ವಲದ್ ಆಗಿಯೇ ಉಳಿದಿದ್ದರೆ 785ರಲ್ಲಿ ಮಹ್ದಿ ತೀರಿಕೊಂಡಾಗ ಬಿಡುಗಡೆ ಸಿಗುತ್ತಿತ್ತು, ಪಾಲು ಸಿಗುತ್ತಿರಲಿಲ್ಲ. ಹೆಂಡತಿಯಾದ್ದರಿಂದ ಹತ್ತು ವರ್ಷ ಮೊದಲೇ ಸ್ವತಂತ್ರಳಾದಳು, ಆಸ್ತಿಯಲ್ಲಿ ಹೆಂಡತಿಯ ಪಾಲಿಗೂ ಹಕ್ಕುದಾರಳಾದಳು.