ಅನಿಲಕ್ಕೆ ಬಂದ ಬರ, ನ್ಯೂಟ್ರಾನ್ ಉಪಕರಣಗಳ ಹೊಸ ದಾರಿ

ವಸ್ತುವಿನೊಳಗೆ ಪರಮಾಣುಗಳು ಎಲ್ಲಿವೆ, ಹೇಗೆ ಕಂಪಿಸುತ್ತಿವೆ ಎಂದು ತಿಳಿಯಲು ಅದರ ಮೇಲೆ ನ್ಯೂಟ್ರಾನ್‌ಗಳನ್ನು ಹಾಯಿಸಿ, ಅವು ಚದುರುವ ಬಗೆಯನ್ನು ಅಳೆಯುತ್ತಾರೆ. ಈ ಉಪಕರಣಗಳ ಚರ್ಚೆ ಈಗ ಹಳೆಯ ರಿಯಾಕ್ಟರ್‌ಗಳ ನಿವೃತ್ತಿ, ಹಣ, ನ್ಯೂಟ್ರಾನ್ ಎಣಿಸಲು ಬೇಕಾದ ಹೀಲಿಯಂ-3 ಅನಿಲದ ಕೊರತೆ ಎಂದು ಕವಲೊಡೆದು ಗೋಜಲಾಗಿದೆ.

1932ರಲ್ಲಿ ಚಾಡ್ವಿಕ್ ನ್ಯೂಟ್ರಾನನ್ನು ಪತ್ತೆ ಮಾಡಿದರು. ಅದನ್ನು ಚದುರಿಸಿ ವಸ್ತುವನ್ನು ಅರಿಯಲು 1940ರ ದಶಕದಲ್ಲಿ ಅಮೆರಿಕದ ಓಕ್ ರಿಡ್ಜ್‌ನಲ್ಲಿ ವೊಲನ್ ಮತ್ತು ಶಲ್, ಮುಂದಿನ ದಶಕದಲ್ಲಿ ಕೆನಡಾದ ಚಾಕ್ ರಿವರ್‌ನಲ್ಲಿ ಬ್ರಾಕ್‌ಹೌಸ್ ದಾರಿ ತೋರಿಸಿದರು. 1994ರಲ್ಲಿ ಶಲ್ ಮತ್ತು ಬ್ರಾಕ್‌ಹೌಸ್ ಅವರಿಗೆ ನೊಬೆಲ್ ಬರುವ ವೇಳೆಗೆ ವೊಲನ್ ಇರಲಿಲ್ಲ. ಫ್ರಾನ್ಸಿನ ಗ್ರೆನೋಬಲ್‌ನ ರಿಯಾಕ್ಟರ್, ಬ್ರಿಟನ್ನಿನ ಐಸಿಸ್ ಕೇಂದ್ರ, ಅಮೆರಿಕದ ಎಸ್‌ಎನ್‌ಎಸ್ ಕೇಂದ್ರ ಹೀಗೆ ನ್ಯೂಟ್ರಾನ್‌ಗಳನ್ನು ಒದಗಿಸುವ ಮೂಲಗಳು ಬೆಳೆದವು. ತೋಳಿನ ತುದಿಯಲ್ಲಿ ತಿರುಗುತ್ತಿದ್ದ ಒಂಟಿ ಡಿಟೆಕ್ಟರ್ (ಚದುರಿದ ನ್ಯೂಟ್ರಾನ್ ಎಣಿಸುವ ಸಾಧನ) ಜಾಗದಲ್ಲಿ ಸಾಲುಸಾಲು ಕೊಳವೆಗಳ ಗೋಡೆಯೇ ಎದ್ದಿತು.

ತೊಡಕು ಶುರುವಾದದ್ದು ಆ ಕೊಳವೆಗಳಲ್ಲಿ. ನ್ಯೂಟ್ರಾನಿಗೆ ವಿದ್ಯುದಾವೇಶವಿಲ್ಲ; ಅದನ್ನು ನೇರವಾಗಿ ಎಣಿಸಲಾಗದು. ಆದ್ದರಿಂದ ಉಕ್ಕಿನ ಕೊಳವೆಯಲ್ಲಿ ಹೀಲಿಯಂ-3 ಅನಿಲವನ್ನು ಒತ್ತಡದಲ್ಲಿ ತುಂಬಿ, ನಡುವೆ ತೆಳು ತಂತಿ ಎಳೆದು, ಅದಕ್ಕೆ ಹೆಚ್ಚಿನ ವೋಲ್ಟೇಜ್ ಕೊಡುತ್ತಾರೆ. ನ್ಯೂಟ್ರಾನ್ ಸಿಕ್ಕಿಬಿದ್ದಾಗ ಪ್ರೋಟಾನ್ ಮತ್ತು ಟ್ರಿಟಿಯಂ (ವಿಕಿರಣಶೀಲ ಭಾರ ಹೈಡ್ರೋಜನ್) ಕಣಗಳು ಸಿಡಿದು ತಂತಿಯಲ್ಲಿ ಮಿಡಿತವೇಳುತ್ತದೆ. ಕೆಲಸ ಅಚ್ಚುಕಟ್ಟು, ಅನಿಲವೂ ಬೇಗ ಸವೆಯುವುದಿಲ್ಲ.

ಆದರೆ ಹೀಲಿಯಂ-3 ಬರುವುದೇ ಟ್ರಿಟಿಯಂ ಕ್ಷಯಿಸುವುದರಿಂದ. ಟ್ರಿಟಿಯಂ ಬಹುಪಾಲು ಅಣ್ವಸ್ತ್ರಗಳಿಗಾಗಿ ತಯಾರಾದದ್ದು. ಅದರ ಅರ್ಧಾಯುಷ್ಯ ಸುಮಾರು 12.3 ವರ್ಷ. ಶೀತಲ ಸಮರ ಮುಗಿದ ಮೇಲೆ ದಾಸ್ತಾನು ಕರಗುತ್ತ ಬಂತು, 2001ರ ನಂತರ ಗಡಿ ತಪಾಸಣೆಯ ವಿಕಿರಣ ಪತ್ತೆ ಯಂತ್ರಗಳು ಅದನ್ನೇ ಹೀರಿಕೊಂಡವು. 2009ರ ಹೊತ್ತಿಗೆ ಕೊರತೆ ಎದ್ದು ಕಂಡಿತು, ಬೆಲೆ ಗಗನಕ್ಕೇರಿತು. ಉತ್ಪಾದನೆಯ ಲೆಕ್ಕವೊಂದು ಕಡೆ, ಬೇಡಿಕೆಯ ಲೆಕ್ಕ ಇನ್ನೊಂದು ಕಡೆ. ಎರಡನ್ನೂ ಕೂಡಿಸಿ ನೋಡುವುದು ಯಾರ ಕೆಲಸವೂ ಆಗಿರಲಿಲ್ಲ. ಹೊಸ ನ್ಯೂಟ್ರಾನ್ ಮೂಲಕ್ಕೆ ಸಿಗುವ ಉತ್ಸಾಹದ ಹತ್ತರಲ್ಲೊಂದು ಪಾಲಾದರೂ ಡಿಟೆಕ್ಟರ್‌ಗಳಿಗೆ ಸಿಕ್ಕಿದ್ದರೆ ಈ ಪೇಚಾಟ ತಪ್ಪುತ್ತಿತ್ತೇನೋ.

ಬದಲಿಯಾಗಿ ಬಂದದ್ದು ಬೋರಾನ್-10; ಅದೂ ನ್ಯೂಟ್ರಾನನ್ನು ಹಿಡಿದು ಕಣಗಳನ್ನು ಸಿಡಿಸುತ್ತದೆ. ಅಲ್ಯೂಮಿನಿಯಂ ತಗಡಿಗೆ ಒಂದು ಮೈಕ್ರಾನ್ ಆಸುಪಾಸಿನ ಬೋರಾನ್ ಕಾರ್ಬೈಡ್ ಬಳಿಯಬೇಕು. ಇಲ್ಲೂ ಇಕ್ಕಟ್ಟು: ಲೇಪ ದಪ್ಪವಾದರೆ ಸಿಡಿದ ಕಣ ಹೊರಬರದೆ ಒಳಗೇ ನಿಂತುಬಿಡುತ್ತದೆ, ತೆಳುವಾದರೆ ನ್ಯೂಟ್ರಾನ್‌ಗಳು ಹಿಡಿತಕ್ಕೆ ಸಿಗದೆ ಹಾದುಹೋಗುತ್ತವೆ. ಪರಿಹಾರ, ಹತ್ತಾರು ತೆಳು ಪದರಗಳನ್ನು ಒಂದರ ಹಿಂದೊಂದು ಜೋಡಿಸುವುದು. ಗ್ರೆನೋಬಲ್‌ನಲ್ಲಿ ಹುಟ್ಟಿದ ಮಲ್ಟಿ-ಗ್ರಿಡ್ ವಿನ್ಯಾಸ ಹೀಗೆಯೇ ಬೆಳೆಯಿತು. ಐಸಿಸ್‌ನಲ್ಲಿ ಲಿಥಿಯಂ-6 ಬೆರೆಸಿದ ಸಿಂಟಿಲೇಟರ್‌ಗಳು (ಕಣ ತಾಗಿದಾಗ ಮಿನುಗುವ ವಸ್ತುಗಳು) ಮೊದಲಿನಿಂದಲೂ ಇದ್ದವು.

ಸ್ವೀಡನ್ನಿನ ಲುಂಡ್‌ನಲ್ಲಿ ಕಟ್ಟುತ್ತಿರುವ ಯುರೋಪಿನ ನ್ಯೂಟ್ರಾನ್ ಮೂಲಕ್ಕೆ 22 ಉಪಕರಣಗಳು ಬರಬೇಕಿತ್ತು. ಮೊದಲ ಹಂತಕ್ಕೆ ಅವುಗಳಲ್ಲಿ 15 ಮಾತ್ರ ಉಳಿದುಕೊಂಡಿವೆ.