ಲ್ಯಾಟಿನ್ ಪದಗಳು ತಲೆಯಲ್ಲಿ ನಿಲ್ಲಬೇಕಾದರೆ ಏನು ಮಾಡಬೇಕು?

ಪ್ರಶ್ನೆ: ಲ್ಯಾಟಿನ್ ಕಲಿಯುತ್ತಿದ್ದೇನೆ. ದಿನಾ ಇಪ್ಪತ್ತು ಪದ ಬಾಯಿಪಾಠ ಮಾಡುತ್ತೇನೆ, ವಾರ ಕಳೆದರೆ ಅರ್ಧ ಮರೆತುಹೋಗಿರುತ್ತದೆ. ಬೇರೆ ದಾರಿ ಇದೆಯಾ?

ಉತ್ತರ: ಪಟ್ಟಿ ಪಕ್ಕಕ್ಕಿಡಿ, ಒಂದು ಸಾಲು ತಗೊಳ್ಳಿ. ರೋಮಿನ ಕವಿ ಹೊರೇಸ್ ಲ್ಯೂಕೋನೊಯೆ ಎಂಬ ಹೆಣ್ಣಿಗೆ ಹೇಳುವ ಮಾತಿದು: ‘ಕಾರ್ಪೆ ದಿಯೆಮ್, ಕ್ವಾಮ್ ಮಿನಿಮುಮ್ ಕ್ರೇದುಲಾ ಪೋಸ್ತೆರೋ.’ ಕ್ರಿ.ಪೂ. 23ರ ಸುಮಾರಿನದು. ಇವತ್ತಿನ ದಿನವನ್ನು ಬಿಡಿಸಿಕೋ, ನಾಳೆಯನ್ನು ಆದಷ್ಟು ಕಡಿಮೆ ನಂಬು ಅಂತ ಅರ್ಥ.

ಎಲ್ಲರೂ ಇದನ್ನು ‘ದಿನವನ್ನು ಹಿಡಿ’ ಅಂತಾರೆ. ಆದರೆ ‘ಕಾರ್ಪೆ’ ಅಂದರೆ ಹೂವನ್ನೋ ಹಣ್ಣನ್ನೋ ಗಿಡದಿಂದ ಬಿಡಿಸು ಅಂತ. ಬೆಳಿಗ್ಗೆ ಮಲ್ಲಿಗೆ ಮೊಗ್ಗು ಬಿಡಿಸುವ ಬೆರಳು ನೆನಪಿಗೆ ಬಂದರೆ ಸಾಕು, ಪದ ಮರೆಯಲ್ಲ. ‘ಮಿನಿಮುಮ್’ ಬಗ್ಗೆ ಹೇಳುವುದೇ ಬೇಡ, ಆಟೋ ಹತ್ತಿದವರಿಗೆಲ್ಲ ಗೊತ್ತು. ‘ಪೋಸ್ತೆರೋ’ದಲ್ಲಿರುವ ‘ಪೋಸ್ಟ್’ ಅಂದರೆ ಆಮೇಲೆ. ಪೋಸ್ಟ್‌ಮಾರ್ಟಂ ಅಂದರೆ ಸತ್ತ ಮೇಲೆ, ಅಲ್ವಾ? ಅಂಚೆಯ ಪೋಸ್ಟ್‌ಗೂ ಇದಕ್ಕೂ ಸಂಬಂಧವಿಲ್ಲ.

‘ಕ್ರೇದುಲಾ’ ಅಂದರೆ ನಂಬುವವಳು. ‘ಕ್ರೇದೋ’, ನಂಬುತ್ತೇನೆ, ಅನ್ನುವುದರಿಂದ ಬಂದದ್ದು. ಇದಕ್ಕೂ ಸಂಸ್ಕೃತದ ‘ಶ್ರದ್ಧಾ’ಕ್ಕೂ ಬೇರು ಒಂದೇ. ನಿಮ್ಮ ಜೇಬಿನ ಕ್ರೆಡಿಟ್ ಕಾರ್ಡ್ ಕೂಡ ಈ ಮನೆತನದ್ದೇ. ಆದರೆ ‘ಶ್ರದ್ಧೆಯಿಂದ ಓದು’ ಅನ್ನುವಾಗ ಶ್ರದ್ಧೆ ಬೇರೆ, ಬ್ಯಾಂಕಿನ ಕ್ರೆಡಿಟ್ ಬೇರೆ. ನೆಂಟಸ್ತನ ನೆನಪಿಗೆ ಕೊಕ್ಕೆ ಕೊಡುತ್ತದೆ, ಅರ್ಥ ಕೊಡುವುದು ಸಾಲು. ಅದಕ್ಕೇ ಎರಡೂ ಬೇಕು. ಬೇರಿನ ಹುಚ್ಚು ಜಾಸ್ತಿ ಹಿಡಿದರೆ ಮೋಸವೂ ಹೋಗುತ್ತೇವೆ. ಸಾಲಿನ ‘ದಿಯೆಮ್’ನ ಮೂಲರೂಪ ‘ದಿಯೇಸ್’, ಅಂದರೆ ದಿನ, ನಮ್ಮ ‘ದಿವಸ’ದ ನೆಂಟ ನಿಜ. ಇಂಗ್ಲಿಷಿನ ‘ಡೇ’ ಮಾತ್ರ ಅಲ್ಲ, ಸುಮ್ನೆ ಹಾಗೆ ಕಾಣುತ್ತದೆ.

ಈ ‘ದಿಯೇಸ್’ ನಿಮ್ಮ ಮನೆಯಲ್ಲೇ ಇರಬಹುದು. ಹಳೇ ಔಷಧಿ ಚೀಟಿ ತೆಗೆದು ನೋಡಿ. ಮಾತ್ರೆಯ ಮುಂದೆ ‘ಬಿ.ಡಿ.’ ಅಂತಿದ್ದರೆ ‘ಬಿಸ್ ದಿಯೇ’, ದಿನದಲ್ಲಿ ಎರಡು ಸಲ. ಹೊರೇಸನ ‘ದಿಯೆಮ್’ ದಿನವನ್ನು, ಚೀಟಿಯ ‘ದಿಯೇ’ ದಿನದಲ್ಲಿ. ವಿಭಕ್ತಿ ನಮಗೇನು ಹೊಸದಲ್ಲವಲ್ಲ! ‘ಟಿ.ಡಿ.ಎಸ್.’ ಇನ್ನೂ ಚೆನ್ನಾಗಿದೆ. ಸಂಬಳದಲ್ಲಿ ಮುರಿದುಕೊಳ್ಳುವ ತೆರಿಗೆಯಲ್ಲ, ‘ತೆರ್ ದಿಯೇ ಸುಮೆಂದುಮ್’. ‘ತೆರ್’ ಅಂದರೆ ಮೂರು ಸಲ, ನಮ್ಮ ‘ತ್ರಿ’ಯ ಬಳಗ. ‘ಸುಮೆಂದುಮ್’ ಅನ್ನು ಇಂಗ್ಲಿಷಿನಲ್ಲಿ ಹೇಳಲು ಮೂರ್ನಾಲ್ಕು ಪದ ಬೇಕು. ಕನ್ನಡದಲ್ಲಿ ಒಂದೇ ಸಾಕು: ತೆಗೆದುಕೊಳ್ಳತಕ್ಕದ್ದು.