ಮೈನಸ್ ಪಕ್ಕದ ಖಾಲಿ ಜಾಗ

ಮಂಗಳೂರಿನ ಹಂಪನಕಟ್ಟೆಯಲ್ಲಾಗಲಿ ಉಡುಪಿಯ ಬಸ್‌ಸ್ಟ್ಯಾಂಡ್ ಬಳಿಯಾಗಲಿ, ಡಿಟಿಪಿ ಅಂಗಡಿಗೆ ಮದುವೆ ಕಾಗದ ಕೊಟ್ಟರೆ ಚಕಚಕ ಟೈಪ್ ಆಗಿ ಬರುತ್ತದೆ. ಹತ್ತನೇ ಕ್ಲಾಸಿನ ಗಣಿತ ಪ್ರಶ್ನೆಪತ್ರಿಕೆ ಕೊಟ್ಟು ನೋಡಿ. ವರ್ಗಮೂಲ, ಭಿನ್ನರಾಶಿ, ಘಾತ ಬಂದಲ್ಲೆಲ್ಲ ಕೈ ನಿಲ್ಲುತ್ತದೆ. ಅಲ್ಲಲ್ಲಿ ಜಾಗ ಬಿಟ್ಟು ಪ್ರಿಂಟ್ ತೆಗೆದು, ಸೂತ್ರವನ್ನು ಪೆನ್ನಿನಲ್ಲಿ ಬರೆದು ಜೆರಾಕ್ಸ್ ಮಾಡಿಸುವ ಮಾಷ್ಟ್ರುಗಳೂ ಇದ್ದಾರೆ.

ಸೂತ್ರದ ಸ್ವಭಾವವೇ ಹಾಗೆ. ವಾಕ್ಯ ಎಡದಿಂದ ಬಲಕ್ಕೆ ಸುಮ್ನೆ ಹೋಗುತ್ತದೆ. ಸೂತ್ರ ಮೇಲಕ್ಕೂ ಕೆಳಕ್ಕೂ ಬೆಳೆಯುತ್ತದೆ. ಭಿನ್ನರಾಶಿಯ ಗೆರೆ ಎಷ್ಟು ಉದ್ದ ಇರಬೇಕು? ಅಂಶ, ಛೇದ ಇವೆರಡರಲ್ಲಿ ಯಾವುದು ಅಗಲವೋ ಅಷ್ಟು. ಅದಕ್ಕೆ ವರ್ಗಮೂಲ ಹಾಕಿದರೆ ಆ ಚಿಹ್ನೆ ಇಡೀ ಭಿನ್ನರಾಶಿಯಷ್ಟು ಎತ್ತರ ಆಗಬೇಕು. ಸೀಸದ ಮೊಳೆಗಳ ಕಾಲದಲ್ಲಿ ಇದನ್ನೆಲ್ಲ ಕೈಯಲ್ಲೇ ಹೊಂದಿಸಬೇಕಿತ್ತು. ಕೆಳಗೆ ಇಳಿಯುವ ಅಕ್ಷರ ನಮಗೇನೂ ಹೊಸದಲ್ಲ, ಒತ್ತಕ್ಷರ ಅಂದರೆ ಅದೇ ಅಲ್ವಾ! 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಪ್ರೆಸ್ಸಿನವರು ಕಿಟ್ಟೆಲ್ ನಿಘಂಟಿನಂಥ ದಪ್ಪ ಪುಸ್ತಕವನ್ನೇ ಅಚ್ಚು ಹಾಕಿದರು. ಆದರೆ ಒತ್ತು ಎಲ್ಲಿ ಕೂರಬೇಕು ಎಂಬುದು ಗೊತ್ತಿರುತ್ತದೆ. ಘಾತದ ಮೇಲೆ ಘಾತ ಹತ್ತುತ್ತಾ ಹೋದರೆ ಅದಕ್ಕೆ ಕೊನೆಯಿಲ್ಲ.

1977ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕನೂತ್ ತಮ್ಮ ಪುಸ್ತಕವೊಂದರ ಹೊಸ ಆವೃತ್ತಿಯ ಕರಡಚ್ಚು ನೋಡಿದರು. ಮುದ್ರಕರು ಆಗ ಮೊಳೆ ಬಿಟ್ಟು ಫೋಟೋ ವಿಧಾನಕ್ಕೆ ಹೊರಳಿದ್ದರು. ಪುಟದ ಅಂದಗೇಡು ಕನೂತ್‌ಗೆ ಸಹಿಸಲಾಗಲಿಲ್ಲ. ಅಚ್ಚಿಗೆ ಪುಟ ಜೋಡಿಸುವ ಪ್ರೋಗ್ರಾಂ ಅನ್ನು ತಾವೇ ಬರೆಯಲು ಕೂತರು. ಅದೇ ಟೆಕ್. 1980ರ ದಶಕದಲ್ಲಿ ಲೆಸ್ಲಿ ಲ್ಯಾಂಪೋರ್ಟ್, ಬಳಸಲು ಸುಲಭವಾಗಲಿ ಎಂದು ಅದರ ಮೇಲೆ ಕಟ್ಟಿದ್ದು ಲೇಟೆಕ್.

ಟೆಕ್ ಎಷ್ಟು ಸೂಕ್ಷ್ಮ ಎಂಬುದಕ್ಕೆ ಮೈನಸ್ ಚಿಹ್ನೆ ಸಾಕು. 5 − 3 ಎಂದು ಬರೆದಾಗ ಮೈನಸ್‌ನ ಎರಡೂ ಬದಿ ಸ್ವಲ್ಪ ಜಾಗ ಇರುತ್ತದೆ. ಬರೀ −3 ಎಂದಾಗ ಮೈನಸ್ 3ಕ್ಕೆ ಅಂಟಿಕೊಂಡಿರುತ್ತದೆ. ನಾವು ಒತ್ತುವ ಕೀ ಒಂದೇ. ಟೆಕ್ ಹಿಂದೆ ಮುಂದೆ ಏನಿದೆ ಎಂದು ನೋಡಿ, ಇದು ಕಳೆಯುವ ಮೈನಸ್ಸೋ ಋಣ ಸಂಖ್ಯೆಯ ಮೈನಸ್ಸೋ ಎಂದು ತೀರ್ಮಾನಿಸುತ್ತದೆ. ಅಕ್ಷರದ ಗಾತ್ರವನ್ನು 18 ಪಾಲು ಮಾಡಿದರೆ, ಕಳೆಯುವ ಮೈನಸ್‌ಗೆ ಆಚೀಚೆ 4 ಪಾಲು ಜಾಗ, ಸಮ ಚಿಹ್ನೆಗೆ 5 ಪಾಲು. ಅದೇ ಮೈನಸ್ ಘಾತದೊಳಗೆ ಹೋದರೆ ಜಾಗ ಸೊನ್ನೆ. ಓದುವವರಿಗೆ ಇದ್ಯಾವುದೂ ಗೊತ್ತಾಗುವುದಿಲ್ಲ, ಕಣ್ಣಿಗೆ ಹಿತ ಅನ್ನಿಸುತ್ತದೆ ಅಷ್ಟೇ.

ಅಂದರೆ ಸೂತ್ರ ಟೆಕ್‌ಗೆ ಚಿತ್ರವಲ್ಲ, ರಚನೆ. ಯಾವುದು ಅಂಶ, ಯಾವುದು ಛೇದ, ಯಾವುದು ಯಾವುದರ ಒಳಗೆ ಎಂಬುದು ಅದಕ್ಕೆ ತಿಳಿದಿರುತ್ತದೆ. ಸಾಫ್ಟ್‌ವೇರ್ ಆರಿಸುವಾಗ ನಾನು ಮೊದಲು ಕೇಳುವ ಪ್ರಶ್ನೆಯೂ ಅದೇ: ಇದು ರಚನೆಯನ್ನು ಉಳಿಸುತ್ತದೋ, ಬರೀ ಚಿತ್ರ ಮಾಡುತ್ತದೋ? ಸೂತ್ರವನ್ನು ಚಿತ್ರವಾಗಿ ಅಂಟಿಸಿದರೆ, ಕಣ್ಣು ಕಾಣದ ವಿದ್ಯಾರ್ಥಿಗೆ ಪುಟವನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಅಲ್ಲಿ ತೆಪ್ಪಗಾಗುತ್ತದೆ.

ಶಾಲೆಯ ಪ್ರಶ್ನೆಪತ್ರಿಕೆಗೆ ಲೇಟೆಕ್ ಬೇಕೇ ಬೇಕು ಅಂತೇನಿಲ್ಲ. ವರ್ಡ್ 2007ರಿಂದ ಈಚೆಗೆ ಅದರ ಸಮೀಕರಣ ಪೆಟ್ಟಿಗೆ ಚೆನ್ನಾಗಿದೆ. ಆಲ್ಟ್ ಜೊತೆ = ಒತ್ತಿದರೆ ತೆರೆಯುತ್ತದೆ. ದುಡ್ಡು ಕೊಡಲು ಮನಸ್ಸಿಲ್ಲದವರಿಗೆ ಲಿಬ್ರೆಆಫೀಸ್ ಇದೆ. ಆದರೆ ಕೊಣಾಜೆಯಲ್ಲೋ ಸುರತ್ಕಲ್‌ನಲ್ಲೋ ಪಿಎಚ್‌ಡಿ ಮಾಡುವವರ ಕಷ್ಟ ಬೇರೆ. ತರ್ಕಶಾಸ್ತ್ರದವರಿಗೆ ಮರದ ಹಾಗೆ ಕವಲೊಡೆಯುವ ಸಾಧನೆಗಳು (ಪ್ರೂಫ್) ಬೇಕು. ಬೀಜಗಣಿತದವರಿಗೆ ಬಾಣಗಳಿಂದ ಹೆಣೆದ ನಕ್ಷೆ, ಭೌತವಿಜ್ಞಾನದವರಿಗೆ ಕಣಗಳ ವರ್ತನೆ ತೋರಿಸುವ ಫೈನ್‌ಮನ್ ಚಿತ್ರ. ಇವಕ್ಕೆಲ್ಲ ಬೇರೆ ಬೇರೆ ಪ್ಯಾಕೇಜ್ ಇರುವುದು ಲೇಟೆಕ್‌ಗೆ. ಲೇಟೆಕ್ ಅನ್ನು ಬ್ರೌಸರ್‌ನಲ್ಲೇ ನಡೆಸುವ ಓವರ್‌ಲೀಫ್ ಕಲಿಯಲು ಸುಲಭ. ಆದರೆ ನಮ್ಮ ಕರಾವಳಿಯ ಜೂನ್ ತಿಂಗಳಲ್ಲಿ ಕರೆಂಟೂ ನೆಟ್ಟೂ ಒಟ್ಟಿಗೇ ಹೋಗುತ್ತವೆ. ಲ್ಯಾಪ್‌ಟಾಪಿನಲ್ಲೂ ಒಂದು ಲೇಟೆಕ್ ಇರಲಿ.

ಕನ್ನಡ ಸೇರಿದಾಗ ಇನ್ನೊಂದು ಸಮಸ್ಯೆ. ಹಳೆಯ ನುಡಿ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿದ್ದವು. ಗ್ರೀಕ್ ಅಕ್ಷರಗಳ ಸಿಂಬಲ್ ಫಾಂಟ್ ಮಾಡಿದ್ದೂ ಅದೇ ಉಪಾಯ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಫೈಲ್ ತೆರೆದರೆ ಕನ್ನಡ ಕಲಸುಮೇಲೋಗರ ಆಗುತ್ತದೆ, ಆಲ್ಫಾ ಹೋಗಿ ಇಂಗ್ಲಿಷಿನ ಎ ಆಗುತ್ತದೆ. ಹಾಗಾಗಿ ಎರಡನ್ನೂ, ಪ್ರತಿ ಲಿಪಿಯ ಅಕ್ಷರಕ್ಕೂ ತನ್ನದೇ ಸಂಖ್ಯೆ ಇರುವ ಯುನಿಕೋಡ್‌ನಲ್ಲೇ ಟೈಪ್ ಮಾಡಿ. ಲೇಟೆಕ್‌ನಲ್ಲಾದರೆ ಅದರ ಯುನಿಕೋಡ್ ಬಲ್ಲ ರೂಪಗಳಾದ ಝೀಲೇಟೆಕ್ ಅಥವಾ ಲುವಾಲೇಟೆಕ್ ಬಳಸಬೇಕು. ಹಳೆಯ ಟೆಕ್‌ಗೆ ಯುನಿಕೋಡ್ ಕನ್ನಡದ ಒತ್ತಕ್ಷರ ಜೋಡಿಸಲು ಬರುವುದಿಲ್ಲ.

ಫೈಲ್ ಎಷ್ಟು ವರ್ಷ ಬಾಳುತ್ತದೆ ಎಂಬುದನ್ನೂ ನೋಡಿ. ವರ್ಡ್ ಜೊತೆ ಬರುತ್ತಿದ್ದ ಹಳೆಯ ಈಕ್ವೇಶನ್ ಎಡಿಟರ್ 3.0ನಲ್ಲಿ ಭದ್ರತಾ ದೋಷ ಸಿಕ್ಕಿ, 2018ರ ಜನವರಿಯಲ್ಲಿ ಮೈಕ್ರೋಸಾಫ್ಟ್ ಅದನ್ನು ತೆಗೆದೇ ಹಾಕಿತು. ಅದರಲ್ಲಿ ಬರೆದ ಸೂತ್ರ ಪುಟದಲ್ಲಿ ಕಾಣುತ್ತದೆ, ವರ್ಡ್‌ನಲ್ಲಿ ಇದ್ದ ಹಾಗೇ ತಿದ್ದಲು ಆಗುವುದಿಲ್ಲ. ಲೇಟೆಕ್ ಫೈಲ್ ಬರೀ ಪಠ್ಯ. ನೋಟ್‌ಪ್ಯಾಡ್‌ನಲ್ಲೂ ತೆರೆದು ತಿದ್ದಬಹುದು.

ಯಾವುದನ್ನೇ ಆರಿಸಿ, ನಿಮ್ಮ ನೋಟ್ಸಿನ ಅತಿ ತೊಡಕಿನ ಸಾಲನ್ನೇ ಮೊದಲು ಟೈಪ್ ಮಾಡಿ ನೋಡಿ, ಕನ್ನಡ ವಾಕ್ಯದ ನಡುವೆ ಇಟ್ಟು. ಎರಡು ಕೂಡಿಸು ಎರಡು ಎಲ್ಲದರಲ್ಲೂ ಚೆನ್ನಾಗಿಯೇ ಬರುತ್ತದೆ.